ಒಬ್ಬಳೇ ಇರುವ ಮನೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಕೆಲಸಕ್ಕೋ ಓದಿಗೋ ಬಂದು ಒಬ್ಬರೇ ಮನೆ ಮಾಡಿಕೊಂಡಿರುವ ಹೆಣ್ಣುಮಕ್ಕಳಿಂದ, ಅವರ ಮನೆಯವರಿಂದ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ ಕೊಟ್ಟಿದ್ದೇವೆ. ಯಾರ ಹೆಸರನ್ನೂ ಹಾಕಿಲ್ಲ.

ಮಗಳಿಗೆ ಬಳ್ಳಾರಿಯಲ್ಲಿ ಬ್ಯಾಂಕ್ ಕೆಲಸ ಸಿಕ್ಕಿದೆ. ಎಲ್ಲಿ ಮನೆ ಕೇಳಿದರೂ "ಒಬ್ಬಾಕಿ ಹುಡುಗಿ ಅಂದ್ರ ಬ್ಯಾಡ್ರಿ" ಅನ್ನುವವರೇ. ಗಾಂಧಿನಗರದಲ್ಲಿ ಒಬ್ಬರು ಒಪ್ಪಿದ್ದಾರೆ. ಆದರೆ ಕರಾರು ತಂದೆಯ ಹೆಸರಿನಲ್ಲಿರಬೇಕು, ಹತ್ತು ತಿಂಗಳ ಅಡ್ವಾನ್ಸ್ ನಗದಾಗಿ ಕೊಡಬೇಕು, ಒಂದು ಕೀಲಿಕೈ ತಮ್ಮ ಹತ್ತಿರ ಇರಬೇಕು ಅಂತಾರೆ. ಒಪ್ಪಬಹುದೇ? (ಒಬ್ಬ ತಂದೆ, ಸಿರುಗುಪ್ಪ)

ಮೊದಲನೆಯದಕ್ಕೆ ಒಪ್ಪಲೇಬೇಡಿ. ಆ ಮನೆಯಲ್ಲಿ ಇರುವವಳು ನಿಮ್ಮ ಮಗಳು, ಬಾಡಿಗೆ ಕಟ್ಟುವವಳೂ ಅವಳೇ. ನಾಳೆ ಗ್ಯಾಸ್ ಸಂಪರ್ಕಕ್ಕೆ, ಬ್ಯಾಂಕಿನಲ್ಲಿ ವಿಳಾಸ ಬದಲಿಸಲಿಕ್ಕೆ, ಮಾಲೀಕರೊಂದಿಗೆ ತಕರಾರು ಬಂದರೆ ವಕೀಲರ ಮುಂದೆ ಇಡಲಿಕ್ಕೆ ಬೇಕಾಗುವುದು ಆ ಕಾಗದವೇ. ಅದು ನಿಮ್ಮ ಹೆಸರಿನಲ್ಲಿದ್ದರೆ ಕಾಗದದ ಲೆಕ್ಕದಲ್ಲಿ ಅವಳು ಅಲ್ಲಿ ಬಂದುಹೋಗುವ ನೆಂಟಳು. ಮಾಲೀಕರಿಗೆ ಧೈರ್ಯ ಬೇಕಿದ್ದರೆ ನೀವು ಸಾಕ್ಷಿಯಾಗಿ ಸಹಿ ಹಾಕಿ, ನಿಮ್ಮ ಫೋನ್ ನಂಬರ್ ಕೊಡಿ, ಮಗಳ ನೇಮಕಾತಿ ಪತ್ರದ ಒಂದು ಪ್ರತಿ ಕೊಡಿ. ಬಾಡಿಗೆದಾರರ ವಿವರವನ್ನು ಪೊಲೀಸ್ ಠಾಣೆಗೆ ಕೊಡಲು ಅವರಿಗೆ ನೀವೇ ಹೇಳಿ. "ಏನಾದರೂ ಆದರೆ ನಮ್ಮ ತಲೆಗೆ ಬರುತ್ತದೆ" ಅನ್ನುವ ಭಯ ಇರುವ ಮಾಲೀಕರು ಇದರಿಂದಲೇ ಅರ್ಧ ಮೆತ್ತಗಾಗುತ್ತಾರೆ.

ಹತ್ತು ತಿಂಗಳ ಅಡ್ವಾನ್ಸ್ ಬೆಂಗಳೂರಿನ ಹಳೆಯ ರೂಢಿ. ಎರಡು ಮೂರು ತಿಂಗಳಿನದಕ್ಕೆ ಚೌಕಾಸಿ ಮಾಡಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಅನ್ನುತ್ತದೆ. ಅದು ಮಾದರಿ ಮಾತ್ರ, ತಾನಾಗಿ ಜಾರಿಗೆ ಬರುವಂಥದ್ದಲ್ಲ. ಮಾತುಕತೆಯಲ್ಲಿ ಆಧಾರಕ್ಕೆ ಸಾಕು. ಎಷ್ಟೇ ಕೊಟ್ಟರೂ ಮಗಳ ಖಾತೆಯಿಂದ ಮಾಲೀಕರ ಖಾತೆಗೆ ಹಾಕಿಸಿ. ನಗದು ಕೊಟ್ಟವರು ಮನೆ ಬಿಡುವಾಗ "ಅಷ್ಟು ಕೊಟ್ಟಿರಲಿಲ್ಲ" ಅನ್ನುವ ಮಾತು ಕೇಳುವುದು ಬಹಳ ಸಾಮಾನ್ಯ.

ಕರಾರನ್ನು 11 ತಿಂಗಳಿಗೆ ಬರೆಯುವುದು, ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಬೇಕಾಗುತ್ತದೆ ಎಂಬ ಕಾರಣಕ್ಕೆ. ಕರಾರು ಟೈಪ್ ಮಾಡಿಕೊಡುವ ಅಂಗಡಿಯವರ ಹತ್ತಿರ ಸಿದ್ಧ ನಮೂನೆ ಇರುತ್ತದೆ. ಅದನ್ನು ಹಾಗೇ ತೆಗೆದುಕೊಳ್ಳಬೇಡಿ, ಅದು ಮಾಲೀಕರ ಪರ ಬರೆದದ್ದು. ಮನೆ ಬಿಡಿಸಲಿಕ್ಕೂ ಬಿಡಲಿಕ್ಕೂ ಎರಡೂ ಕಡೆ ಒಂದೇ ತಿಂಗಳ ನೋಟಿಸು ಎಂದು ಬರೆಸಿ. ಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ನೀರಿನ ಕರ ಯಾರದು, ಮೋಟಾರ್ ಯಾರ ಮೀಟರಿನಲ್ಲಿದೆ, ಮನೆ ಖಾಲಿ ಮಾಡಿದ ಎಷ್ಟು ದಿನದೊಳಗೆ ಅಡ್ವಾನ್ಸ್ ವಾಪಸ್, ಇಷ್ಟೂ ಕಾಗದದಲ್ಲಿರಲಿ. "ಅತಿಥಿಗಳಿಗೆ ಪ್ರವೇಶವಿಲ್ಲ" ಎಂಬ ಸಾಲು ಇದ್ದರೆ ಹೊಡೆಸಿಹಾಕಿ. ಮೈ ಹುಷಾರಿಲ್ಲದ ದಿನ ಗೆಳತಿ ಬಂದು ಮಲಗಿದರೂ ಅದನ್ನೇ ತೋರಿಸಿ ಮನೆ ಬಿಡಿಸಬಹುದು.

ಇನ್ನು ಕೀಲಿಕೈ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಮಾಲೀಕರಿಗೆ ಸಮಂಜಸವಾದ ಹೊತ್ತಿನಲ್ಲಿ ಬಂದು ಮನೆಯ ಸ್ಥಿತಿ ನೋಡುವ ಅವಕಾಶ ಕೊಡುತ್ತದೆ. ಅದರರ್ಥ ಹೇಳದೆ ಕೇಳದೆ ಬಾಗಿಲು ತೆಗೆದು ಬರಬಹುದು ಎಂದಲ್ಲ. "ಒಂದು ದಿನ ಮುಂಚೆ ತಿಳಿಸಿ, ಬಾಡಿಗೆದಾರರು ಇರುವಾಗ" ಎಂದು ಬರೆಸಿ, ಹಳೆಯ ಬೀಗದ ಸಿಲಿಂಡರ್ ಬದಲಿಸಿಕೊಳ್ಳಿ. ತುರ್ತಿಗೆ ಇರಲಿ ಎಂದರೆ ಒಂದು ಕೀಲಿಕೈಯನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಅಂಟಿನ ಮೇಲೆ ಮಗಳ ಸಹಿ ಹಾಕಿಸಿ ಮಾಲೀಕರ ಮನೆಯ ಹಿರಿಯ ಹೆಣ್ಣುಮಗಳ ಕೈಗೆ ಕೊಡಿ. ಲಕೋಟೆ ಒಡೆದಿದ್ದರೆ ಗೊತ್ತಾಗುತ್ತದೆ.

ಮನೆ ಹಿಡಿದ ದಿನವೇ ಗೋಡೆ, ನಲ್ಲಿ, ಸಿಂಕ್, ಮೀಟರ್ ರೀಡಿಂಗ್ ಎಲ್ಲವನ್ನೂ ಫೋನಿನಲ್ಲಿ ವಿಡಿಯೋ ಮಾಡಿ ಮಾಲೀಕರಿಗೇ ವಾಟ್ಸ್ಆ್ಯಪ್ ಕಳಿಸಿಬಿಡಲಿ. ಮುಂದೆ ಎಂದಾದರೂ ಜಗಳವಾಗಿ ಅವಳ ಸಾಮಾನು ಒಳಗಿರುವಾಗಲೇ ಬೇರೆ ಬೀಗ ಜಡಿದರೆ ಅದು ಕಾನೂನುಬಾಹಿರ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಂತೆ ಆರು ತಿಂಗಳೊಳಗೆ ಸಿವಿಲ್ ಕೋರ್ಟಿಗೆ ಹೋಗಿ ಸ್ವಾಧೀನ ವಾಪಸ್ ಕೇಳಬಹುದು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ರಾಯಚೂರಿನಲ್ಲಿ ಒಂದನೇ ಮಹಡಿಯಲ್ಲಿದ್ದೇನೆ. ಬಾಗಿಲಿಗೆ ಒಳಗಿನಿಂದ ಒಂದು ಸಣ್ಣ ಚಿಲಕ ಬಿಟ್ಟರೆ ಏನೂ ಇಲ್ಲ. ಕ್ಯಾಮೆರಾ ಹಾಕಿಸಲೇ?

ಕ್ಯಾಮೆರಾ ಆಮೇಲೆ, ಮೊದಲು ಸ್ಕ್ರೂ. ಬಾಗಿಲು ಒದ್ದಾಗ ಚಿಲಕ ಮುರಿಯುವುದು ಕಡಿಮೆ, ಅದನ್ನು ಹಿಡಿದಿರುವ ಅರ್ಧ ಇಂಚಿನ ಸ್ಕ್ರೂ ಕಿತ್ತುಕೊಂಡು ಬರುತ್ತದೆ. ಚಿಲಕ ಹೋಗಿ ಕೂರುವ ಚೌಕಟ್ಟಿನ ಬದಿಗೆ ಎರಡು ಇಂಚಿನ ಸ್ಕ್ರೂ ಹಾಕಿಸಿ. ಬಾಗಿಲಿನ ಬದಿಗೆ ಅಷ್ಟುದ್ದ ಹಾಕಬಾರದು. ಫ್ಲಶ್ ಡೋರ್ 30-35 ಮಿ.ಮೀ. ದಪ್ಪ ಇರುತ್ತದೆ, ಉದ್ದದ ಸ್ಕ್ರೂ ಆಚೆ ತೂರಿ ಬರುತ್ತದೆ. ಒಂದು ಇಂಚಿನದು ಸಾಕು. ಬಾಗಿಲಿನ ಒಳಗೆ ಟೊಳ್ಳು ಇದ್ದರೆ ಸ್ಕ್ರೂ ಹಿಡಿಯುವುದೇ ಇಲ್ಲ, ಆರಪಾರು ಬೋಲ್ಟ್ ನಟ್ಟು ಹಾಕಿಸಬೇಕು. ಬಡಗಿ "ಯಾವುದಾದರೇನು ಬಿಡಮ್ಮ" ಅಂದರೆ ಬಾಗಿಲನ್ನು ಮಧ್ಯದಲ್ಲಿ ಬೆರಳಿನ ಗಿಣ್ಣಿನಿಂದ ಬಡಿದು ನೋಡಿ, ಟೊಳ್ಳಾದರೆ ಶಬ್ದವೇ ಹೇಳುತ್ತದೆ.

ಈಗಿರುವ ಚಿಲಕದ ಜೊತೆಗೆ 10-12 ಇಂಚಿನ ಇನ್ನೊಂದನ್ನು ಮೇಲೆ ಹಾಕಿಸಿ. ನೋಡುವ ಕಿಂಡಿ ನಿಮ್ಮ ಕಣ್ಣಿನ ಎತ್ತರಕ್ಕೇ ಇರಲಿ. ಮಾಲೀಕರ ಎತ್ತರಕ್ಕೆ ಹಾಕಿಸಿದ ಕಿಂಡಿಗೆ ತುದಿಗಾಲಿನಲ್ಲಿ ನಿಲ್ಲಬೇಕಾದರೆ ಯಾರೂ ಅದನ್ನು ಬಳಸುವುದಿಲ್ಲ.

ಬಾಗಿಲಿನ ಹೊರಗಿರುವ ಅಲ್ಡ್ರಾಪ್, ಅಂದರೆ ಬೀಗ ಹಾಕುವ ಉದ್ದ ಚಿಲಕದ ಬಗ್ಗೆ ಹೆಚ್ಚಿನವರು ಯೋಚಿಸಿರುವುದಿಲ್ಲ. ಅದನ್ನು ಯಾರು ಬೇಕಾದರೂ ಹೊರಗಿನಿಂದ ಎಳೆದು ನಿಮ್ಮನ್ನು ಒಳಗೆ ಕೂಡಿಹಾಕಬಹುದು. ಬೆಂಕಿ ಬಿದ್ದ ಹೊತ್ತಿನಲ್ಲಿ ಹೀಗಾದರೆ ಜೀವಕ್ಕೇ ಅಪಾಯ. ಮಾಲೀಕರನ್ನು ಒಪ್ಪಿಸಿ ಅದನ್ನು ತೆಗೆಸಿ, ಒಳಗೂ ಹೊರಗೂ ಕೀಲಿಕೈಯಿಂದ ತೆಗೆಯಬರುವ ಬೀಗ ಕೂರಿಸಿ.

ನಮ್ಮ ಕಡೆ ಮನೆಗಳ ಮಾಳಿಗೆಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ, ಬೇಸಿಗೆಯಲ್ಲಿ ಜನ ಮೇಲೆಯೇ ಮಲಗುತ್ತಾರೆ. ಒಂದನೇ ಮಹಡಿಯವರಿಗೆ ಮಾಳಿಗೆಯ ಮೆಟ್ಟಿಲಿನ ಬಾಗಿಲು ಬೀದಿ ಬಾಗಿಲಿನಷ್ಟೇ ಮುಖ್ಯ. ಬಚ್ಚಲಿನ ಗಾಜಿನ ಪಟ್ಟಿಯ ವೆಂಟಿಲೇಟರನ್ನೂ ನೋಡಿ. ಪಟ್ಟಿಗಳನ್ನು ಹೊರಗಿನಿಂದ ಒಂದೊಂದಾಗಿ ಜಾರಿಸಿ ತೆಗೆಯಬಹುದು, ಹಿಂದೆ ಕಬ್ಬಿಣದ ಸರಳು ಇರಲೇಬೇಕು. ಇಷ್ಟಾದ ಮೇಲೆ ದುಡ್ಡು ಉಳಿದರೆ ಕ್ಯಾಮೆರಾ.

ಏಪ್ರಿಲ್ ಬಂದರೆ 42 ಡಿಗ್ರಿ. ಭಯಕ್ಕೆ ಕಿಟಕಿ ಮುಚ್ಚಿಕೊಂಡು ಕೂಲರ್ ಹಾಕಿದರೆ ಮೈಯೆಲ್ಲ ಅಂಟು ಅಂಟು, ತಂಪೇ ಆಗುವುದಿಲ್ಲ. ಕೂಲರ್ ಮುಟ್ಟಿದರೆ ಜುಮ್ ಅನ್ನುತ್ತದೆ ಬೇರೆ. (ರಾಯಚೂರು)

ಎರಡನೆಯದು ಮೊದಲು: ಜುಮ್ ಅನ್ನುವ ಕೂಲರನ್ನು ಇವತ್ತೇ ನಿಲ್ಲಿಸಿ. ನೀರೊಳಗಿನ ಪಂಪಿನ ವೈರು ಸುಲಿದಿರುತ್ತದೆ ಅಥವಾ ಮೋಟಾರಿನಿಂದ ಕರೆಂಟ್ ತಗಡಿಗೆ ಸೋರುತ್ತಿರುತ್ತದೆ. ಮನೆಗೆ ಅರ್ಥಿಂಗ್ ಸರಿಯಿದ್ದಿದ್ದರೆ ಆ ಕರೆಂಟ್ ನೆಲಕ್ಕೆ ಹೋಗುತ್ತಿತ್ತು, ನಿಮ್ಮ ಕೈಗೆ ಬರುತ್ತಿರಲಿಲ್ಲ. ಅಂದರೆ ಕೆಟ್ಟಿರುವುದು ಎರಡು: ಕೂಲರ್, ಅರ್ಥಿಂಗ್. ಕೂಲರ್ ರಿಪೇರಿ ಮಾಡಿಸಿ ಸುಮ್ಮನಾಗಬೇಡಿ. ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ಟಿನ ಮೇಲಿನ ದಪ್ಪ ತೂತಿಗೂ ಫೇಸಿಗೂ ನಡುವೆ ಬಲ್ಬು ಹಚ್ಚಿ ತೋರಿಸಲು ಹೇಳಿ. ಬಲ್ಬು ಉರಿಯದಿದ್ದರೆ, ಮಿಣುಕಿದರೆ, ಅರ್ಥಿಂಗ್ ಇಲ್ಲ ಎಂದೇ ತಿಳಿಯಿರಿ. ಬೋರ್ಡಿನಲ್ಲಿ ಎಂಸಿಬಿ ಇದೆಯಲ್ಲ ಎಂದರೆ ಸಾಲದು. ಅದು ಲೋಡು ಹೆಚ್ಚಾದಾಗ, ಶಾರ್ಟ್ ಆದಾಗ ಬೀಳುವುದು. ಮನುಷ್ಯನ ಮೈಯಲ್ಲಿ ಹರಿಯುವ ಸಣ್ಣ ಕರೆಂಟಿಗೆ ಅದು ಅಲ್ಲಾಡುವುದಿಲ್ಲ. ಅದಕ್ಕೆ ಕರೆಂಟ್ ಸೋರಿದೊಡನೆ ತಾನೇ ಬೀಳುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇಕು. ಕರಾರಿಗೆ ಸಹಿ ಹಾಕುವ ಮುಂಚೆಯೇ ಇದನ್ನು ಮಾಲೀಕರಿಂದ ಹಾಕಿಸಿಕೊಳ್ಳುವುದು ಜಾಣತನ. ಕೂಲರಿಗೆ ನೀರು ತುಂಬುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಆಮೇಲೆ ತುಂಬಿ, ಕಾಲಿಗೆ ಚಪ್ಪಲಿ ಇರಲಿ. ಒಬ್ಬರೇ ಇರುವ ಮನೆಯಲ್ಲಿ ಶಾಕ್ ಹೊಡೆದರೆ ಮೇನ್ ಆರಿಸಲು ಪಕ್ಕದಲ್ಲಿ ಯಾರೂ ಇರುವುದಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇವೆ.

ಈಗ ಅಂಟು. ಕೂಲರ್ ತಂಪು ಮಾಡುವುದು ನೀರನ್ನು ಆವಿ ಮಾಡಿ. ಆ ತೇವದ ಗಾಳಿ ಹೊರಗೆ ಹೋಗದಿದ್ದರೆ ಕೋಣೆ ತೇವದಿಂದ ತುಂಬುತ್ತದೆ, ತುಂಬಿದ ಗಾಳಿಯಲ್ಲಿ ಮುಂದೆ ನೀರು ಆವಿಯಾಗುವುದಿಲ್ಲ. ನಮ್ಮ ಒಣ ಸೆಖೆಗೆ ಕೂಲರ್ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ, ಗಾಳಿಗೆ ಹೊರಹೋಗುವ ದಾರಿ ಇದ್ದರೆ ಮಾತ್ರ.

ಎಷ್ಟು ದಾರಿ ಎಂದು ಲೆಕ್ಕ ಹಾಕೋಣ. ಕೋಣೆ 10 ಅಡಿ, 12 ಅಡಿ, ಎತ್ತರ 10 ಅಡಿ ಅಂದರೆ 1200 ಘನ ಅಡಿ. ಎರಡು ನಿಮಿಷಕ್ಕೊಮ್ಮೆ ಗಾಳಿ ಬದಲಾಗಬೇಕೆಂದರೆ ನಿಮಿಷಕ್ಕೆ 600 ಘನ ಅಡಿ, ಗಂಟೆಗೆ ಸುಮಾರು 1000 ಘನ ಮೀಟರ್. ಕೂಲರ್ ಪೆಟ್ಟಿಗೆಯ ಮೇಲೆ ಬರೆದಿರುವುದು ಈ ಎರಡನೆಯ ಅಂಕಿ. ಇಷ್ಟು ಗಾಳಿ ಹೊರಗೆ ಹೋಗಲು ಒಂದು, ಒಂದೂಕಾಲು ಚದರ ಅಡಿ ಜಾಗ ಸಾಕು. ನಾಲ್ಕು ಅಡಿ ಎತ್ತರದ ಸ್ಲೈಡಿಂಗ್ ಕಿಟಕಿಯನ್ನು ನಾಲ್ಕೇ ಇಂಚು ಸರಿಸಿದರೆ ಅಷ್ಟಾಯಿತು. ಕೂಲರಿನ ಬೆನ್ನು ಒಂದು ಕಿಟಕಿಗೆ ಇರಲಿ, ನಾಲ್ಕು ಇಂಚಿನ ಸಂದಿ ಅದರ ಎದುರಿನ ಗೋಡೆಯ ಕಿಟಕಿಯಲ್ಲಿರಲಿ. ಕಿಟಕಿ ಅಷ್ಟಕ್ಕಿಂತ ಹೆಚ್ಚು ಸರಿಯದಂತೆ ಕೆಳಗಿನ ಜಾಡಿನಲ್ಲಿ ಅಳತೆಗೆ ಕೊಯ್ದ ಮರದ ಪಟ್ಟಿಯನ್ನು ಒಳಗಿನಿಂದ ಕೂರಿಸಿ. ಸರಳು ಇದೆ, ಸೊಳ್ಳೆ ಜಾಲಿ ಇದೆ, ಸಂದಿ ನಾಲ್ಕು ಇಂಚು. ಇಷ್ಟಿದ್ದರೆ ನಿಶ್ಚಿಂತೆಯಿಂದ ಮಲಗಬಹುದು.

ಒಂದು ತಪ್ಪನ್ನು ಮಾತ್ರ ಮಾಡಬೇಡಿ. ಕೂಲರ್ ಕೂರಿಸಲೆಂದು ಕಿಟಕಿಯ ಸರಳನ್ನೇ ಕತ್ತರಿಸಿ ಹೊರಗೆ ಕಬ್ಬಿಣದ ಸ್ಟ್ಯಾಂಡ್ ಹಾಕುವ ಪದ್ಧತಿ ಇದೆ. ಕೂಲರನ್ನು ಎಳೆದು ಪಕ್ಕಕ್ಕಿಟ್ಟರೆ ಅದು ಬಾಗಿಲೇ. ಸರಳು ಇದ್ದಂತೆಯೇ ಇರಲಿ, ಕೂಲರ್ ಅದರ ಮುಂದೆ ಒಳಗೆ ಕೂರಲಿ.

ಬೋರಿನ ಗಡುಸು ನೀರಿನಿಂದ ಹುಲ್ಲಿನ ಮೇಲೆ ಬಿಳಿ ಸುಣ್ಣ ಕಟ್ಟುತ್ತದೆ, ಗಾಳಿ ಹಾಯುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ ತೊಟ್ಟಿಯ ನೀರು ಪೂರ್ತಿ ಚೆಲ್ಲಿ ಹೊಸದು ತುಂಬಿ.

ಬಾಡಿಗೆ ಮನೆಯವರಿಗೂ ಗೃಹಜ್ಯೋತಿಯ ಉಚಿತ ಕರೆಂಟ್ ಸಿಗುತ್ತದೆಯೇ? ವಿಳಾಸದ ದಾಖಲೆ ಇಲ್ಲದೆ ಗ್ಯಾಸ್ ಸಿಲಿಂಡರ್? (ಕೊಪ್ಪಳ)

ಸಿಗುತ್ತದೆ. ನಿಮ್ಮ ಭಾಗಕ್ಕೆ ಪ್ರತ್ಯೇಕ ಜೆಸ್ಕಾಂ ಮೀಟರ್ ಇರಬೇಕು. ಮಾಲೀಕರು ತಮ್ಮ ಮೀಟರಿನಿಂದ ಸಬ್ ಮೀಟರ್ ಕೊಟ್ಟಿದ್ದರೆ ಆಗುವುದಿಲ್ಲ. ಬಿಲ್ಲಿನ ಮೇಲಿರುವ ಖಾತೆ ಸಂಖ್ಯೆ, ನಿಮ್ಮ ಆಧಾರ್, ಬಾಡಿಗೆ ಕರಾರು ಇಟ್ಟುಕೊಂಡು ಸೇವಾಸಿಂಧುವಿನಲ್ಲಿ ನೋಂದಾಯಿಸಿ. ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಆ ಮೀಟರಿಗೆ ಜೋಡಣೆಯಾಗಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ, ಮೊದಲು ಅದನ್ನು ಬಿಡಿಸಬೇಕು. ಮಿತಿ 200 ಯೂನಿಟ್. ನಿಮಗೆ ನಿಗದಿಯಾದ ಯೂನಿಟ್ ದಾಟಿ 200ರೊಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ಬಿಲ್ಲು, 200 ದಾಟಿದ ತಿಂಗಳು ಪೂರ್ತಿ ಬಿಲ್ಲು. 200 ವ್ಯಾಟಿನ ಕೂಲರ್ ದಿನಕ್ಕೆ ಹತ್ತು ತಾಸು ಓಡಿದರೆ ತಿಂಗಳಿಗೆ 60 ಯೂನಿಟ್. ಒಂದೂವರೆ ಟನ್ನಿನ ಎಸಿ ರಾತ್ರಿಯೆಲ್ಲ ಓಡಿದರೆ ಅದೊಂದೇ 200 ದಾಟಿಸಿಬಿಡಬಹುದು.

ಗ್ಯಾಸಿಗೆ 5 ಕೆ.ಜಿ.ಯ ಸಣ್ಣ ಸಿಲಿಂಡರ್ ಗುರುತಿನ ಚೀಟಿ ತೋರಿಸಿದರೆ ಸಿಗುತ್ತದೆ, ವಿಳಾಸದ ದಾಖಲೆ ಬೇಡ. ಕಿರಾಣಿ ಅಂಗಡಿಯಲ್ಲಿ ದೊಡ್ಡ ಸಿಲಿಂಡರಿನಿಂದ ಕದ್ದು ತುಂಬಿಕೊಡುವ ಚಿಕ್ಕ ಸಿಲಿಂಡರ್ ಮಾತ್ರ ತರಬೇಡಿ, ಅದರ ವಾಲ್ವಿಗೆ ಯಾವ ಗ್ಯಾರಂಟಿಯೂ ಇಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ವಾಸನೆ ಬಂದರೆ ಲೈಟಿನ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ.

ಭಾಗ್ಯನಗರದಲ್ಲಿ ಶಿಕ್ಷಕಿ. ನಲ್ಲಿ ನೀರು ವಾರಕ್ಕೊಮ್ಮೆ, ಅದೂ ನಾನು ಶಾಲೆಯಲ್ಲಿರುವಾಗ ಬರುತ್ತದೆ. ಎಷ್ಟು ಹಿಡಿದಿಡಬೇಕು? ಬೋರಿನ ನೀರು ಕುದಿಸಿ ಕುಡಿಯಬಹುದೇ?

ಹಿಡಿತದಿಂದ ಬಳಸಿದರೆ ಒಬ್ಬರಿಗೆ ದಿನಕ್ಕೆ 70-80 ಲೀಟರ್ ಸಾಕು. ಎಂಟು ದಿನಕ್ಕೆ 600 ಲೀಟರ್, ಅಂದರೆ 200 ಲೀಟರಿನ ಮೂರು ಡ್ರಮ್ಮು. ನಲ್ಲಿಯಿಂದ ಡ್ರಮ್ಮಿಗೆ ಪೈಪು ಹಾಕಿ ತುದಿಗೆ ಫ್ಲೋಟ್ ವಾಲ್ವ್ ಕೂರಿಸಿದರೆ ತುಂಬಿದ ಮೇಲೆ ತಾನೇ ನಿಲ್ಲುತ್ತದೆ, ನೀರಿಗಾಗಿ ರಜೆ ಹಾಕಬೇಕಿಲ್ಲ.

ಡ್ರಮ್ಮಿಗೆ ಮುಚ್ಚಳ ಬಿಗಿಯಾಗಿರಲಿ. ಡೆಂಗ್ಯೂ ಸೊಳ್ಳೆ ನಿಂತ ಶುದ್ಧ ನೀರಿನಲ್ಲೇ ಮೊಟ್ಟೆ ಇಡುತ್ತದೆ, ಎಂಟು ಹತ್ತು ದಿನಕ್ಕೆ ಸೊಳ್ಳೆಯಾಗಿ ಹಾರುತ್ತದೆ. ಮೊಟ್ಟೆ ಡ್ರಮ್ಮಿನ ಗೋಡೆಗೆ ಅಂಟಿರುವುದರಿಂದ ನೀರು ಚೆಲ್ಲಿದರೆ ಹೋಗುವುದಿಲ್ಲ, ಬ್ರಷ್ಷಿನಿಂದ ತಿಕ್ಕಲೇಬೇಕು. ಬಳಕೆ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪುಡಿ 1000 ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕ, 200 ಲೀಟರಿಗೆ ಅರ್ಧ ಗ್ರಾಂ. ಅದನ್ನು ಚೊಂಬಿನಲ್ಲಿ ಕರಗಿಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಡ್ರಮ್ಮಿಗೆ ಹಾಕಿ, ಅರ್ಧ ತಾಸು ಬಿಡಿ.

ಬೋರಿನ ನೀರನ್ನು ಕುದಿಸಿ ಕುಡಿಯಬೇಡಿ. ಕೊಪ್ಪಳ, ರಾಯಚೂರು ಭಾಗದ ಅನೇಕ ಬೋರುಗಳಲ್ಲಿ ಫ್ಲೋರೈಡ್ ಹೆಚ್ಚು. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಲೀಟರಿಗೆ 1 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನೀರಿನಲ್ಲಿ ಕರಗಿದ ಒಟ್ಟು ಲವಣ ಅಳೆಯುವ ಟಿಡಿಎಸ್ ಮೀಟರ್ ಇದನ್ನು ಬೇರೆಯಾಗಿ ತೋರಿಸುವುದಿಲ್ಲ. ಕುಡಿಯಲಿಕ್ಕೂ ಅಡುಗೆಗೂ ಶುದ್ಧ ನೀರಿನ ಘಟಕದಿಂದ 20 ಲೀಟರಿನ ಎರಡು ಕ್ಯಾನು ತಂದರೆ ಐದಾರು ದಿನ ಬರುತ್ತದೆ.

ತೋರಣಗಲ್ಲಿನಲ್ಲಿ ಕೆಲಸ, ಬಳ್ಳಾರಿಯಲ್ಲಿ ಮನೆ. ಎರಡು ತಿಂಗಳಿನಿಂದ ಒಬ್ಬ ಬಸ್ ಇಳಿಯುವ ಕಡೆಯಿಂದ ಬೈಕಿನಲ್ಲಿ ಹಿಂದೆ ಬರುತ್ತಾನೆ. ಬ್ಲಾಕ್ ಮಾಡಿದರೆ ಬೇರೆ ನಂಬರಿನಿಂದ ಮೆಸೇಜು. ಮನೆಯಲ್ಲಿ ಹೇಳಿದರೆ ಕೆಲಸ ಬಿಡಿಸುತ್ತಾರೆ. ಏನು ಮಾಡಲಿ?

ತಂಗಿ, ಇದು ಅಪರಾಧ, ನಿಮ್ಮ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಬೇಡವೆಂದರೂ ಹಿಂಬಾಲಿಸುವುದು, ಸಂಪರ್ಕಿಸುತ್ತಲೇ ಇರುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಡಿ ಬರುತ್ತದೆ. ಮೊದಲ ಸಲ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಜೈಲು. ನೀವು ಮೇಜರ್. ದೂರು ಕೊಡಲು ತಂದೆತಾಯಿಯ ಸಹಿಯಾಗಲಿ ಒಪ್ಪಿಗೆಯಾಗಲಿ ಬೇಕಿಲ್ಲ.

ಒಂದೇ ಒಂದು ಸಲ, ಬೈಗುಳ ಇಲ್ಲದೆ, "ನನ್ನನ್ನು ಸಂಪರ್ಕಿಸಬೇಡಿ, ಹಿಂಬಾಲಿಸಬೇಡಿ" ಎಂದು ಬರೆದು ಕಳಿಸಿ. ಆಮೇಲೆ ಯಾವುದಕ್ಕೂ ಉತ್ತರ ಬೇಡ. ಆ ಒಂದು ಸಾಲು "ಆಕೆಗೆ ಇಷ್ಟವಿತ್ತು" ಎಂಬ ವಾದವನ್ನು ಮುರಿಯುತ್ತದೆ. ಬಂದ ಮೆಸೇಜುಗಳನ್ನು ಅಳಿಸಬೇಡಿ. ಸಿಟ್ಟಿಗೋ ಹೇಸಿಗೆಗೋ ಅಳಿಸಿಬಿಟ್ಟ ಮೇಲೆ ದೂರಿನ ಜೀವವೇ ಹೋಗಿರುತ್ತದೆ. ನಂಬರ್, ದಿನಾಂಕ, ವೇಳೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಹೊತ್ತು, ಜಾಗ, ಬೈಕಿನ ನಂಬರ್ ಬರೆಯುತ್ತಾ ಹೋಗಿ. ಬಸ್ ಇಳಿಯುವಲ್ಲಿ ಯಾವ ಅಂಗಡಿಗೆ ಕ್ಯಾಮೆರಾ ಇದೆ ಎಂದೂ ಬರೆದಿಡಿ. ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತದಾದ್ದರಿಂದ ದೂರಿನಲ್ಲಿ ಆ ಅಂಗಡಿಯ ಹೆಸರು ಬೇಗ ಸೇರಬೇಕು.

ದೂರನ್ನು ಬರೆದು ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಯಾವ ಠಾಣೆಗೆ ಹೋದರೂ ತೆಗೆದುಕೊಳ್ಳಬೇಕು, "ನಮ್ಮ ಹದ್ದಿನಲ್ಲಿ ಬರಲ್ಲ" ಎನ್ನುವಂತಿಲ್ಲ. ಈ ಅಪರಾಧದಲ್ಲಿ ನಿಮ್ಮ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಎಫ್ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಇವೆಲ್ಲ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿವೆ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಠಾಣೆಗೆ ಒಬ್ಬರೇ ಹೋಗಲು ಹಿಂಜರಿಕೆಯಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ತೊಂದರೆಯಲ್ಲಿರುವ ಹೆಣ್ಣುಮಕ್ಕಳಿಗೆಂದೇ ಇರುವ ಸರ್ಕಾರಿ ಸಖಿ ಕೇಂದ್ರದವರ ನೆರವು ಕೇಳಿ. ಆತ ಎದುರಿಗೇ ಇದ್ದಾಗ 112.

ಆತ ನಿಮ್ಮ ಕೆಲಸದ ಜಾಗದವನೇ ಆಗಿದ್ದರೆ ಲೈಂಗಿಕ ಕಿರುಕುಳದ ದೂರು ಕೇಳುವ ಕಂಪನಿಯ ಆಂತರಿಕ ಸಮಿತಿಗೂ ಬರೆಯಿರಿ. ಹತ್ತು ಜನರಿಗಿಂತ ಕಡಿಮೆಯಿಲ್ಲದ ಕಡೆಯೆಲ್ಲ ಆ ಸಮಿತಿ ಇರಲೇಬೇಕು. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ದೂರು ಕೊಡಬೇಕು.

ಮನೆಯಲ್ಲಿ ಹೇಳುವುದು ನಿಮಗೆ ಬಿಟ್ಟದ್ದು. ಹೇಳುವುದಾದರೆ ದೂರು ಕೊಟ್ಟು ಎಫ್ಐಆರ್ ಪ್ರತಿ ಕೈಯಲ್ಲಿರುವಾಗ ಹೇಳಿ. "ಹೀಗಾಗುತ್ತಿದೆ, ಏನು ಮಾಡಲಿ" ಎಂದು ಕೇಳಿದರೆ ಬರುವ ಉತ್ತರ "ಊರಿಗೆ ಬಾ" ಎಂದು. "ಹೀಗಾಗಿತ್ತು, ಇಷ್ಟು ಮಾಡಿದ್ದೇನೆ" ಎಂದಾಗ ಮಾತು ಬೇರೆ ದಿಕ್ಕಿಗೆ ಹೋಗುವ ಸಂಭವ ಹೆಚ್ಚು. ಅಣ್ಣನೋ ಅತ್ತಿಗೆಯೋ ಯಾರು ಮೊದಲು ಕೇಳಿಸಿಕೊಳ್ಳುತ್ತಾರೋ ಅವರಿಂದ ಶುರು ಮಾಡಿ.

ಗಂಗಾವತಿಯವಳು, ರಾಯಚೂರಿನಲ್ಲಿದ್ದೇನೆ. ಒಬ್ಬಳಿಗೆ ಅಡುಗೆ ಅಂದರೆ ಬೇಸರ, ಬಿಸ್ಕತ್ತು ತಿಂದು ಮಲಗುತ್ತೇನೆ. ಕಳೆದ ವಾರ ಜ್ವರ ಬಂದಾಗ ಬಹಳ ಹೆದರಿದೆ.

ಖಡಕ್ ರೊಟ್ಟಿ ಇರುವ ಸೀಮೆಯಲ್ಲಿದ್ದೀರಿ, ಬಿಸ್ಕತ್ತು ಬಿಡಿ. ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಂದ ಇಪ್ಪತ್ತು ರೊಟ್ಟಿ ತಂದು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಮಳೆಗಾಲದಲ್ಲಿ ಮೆತ್ತಗಾದರೆ ಹೆಂಚಿನ ಮೇಲೆ ಸಣ್ಣ ಉರಿಯಲ್ಲಿ ಕಾಯಿಸಿ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ನೆನೆಸಿದ ಹೆಸರುಕಾಳು ಒಂದು ಹಿಡಿ ಬೇಯಿಸಿದರೆ ಪಲ್ಯವಾಯಿತು. ಅನ್ನಕ್ಕೆ ಒಬ್ಬರಿಗೆ 75 ಗ್ರಾಂ ಅಕ್ಕಿ, ಬೇಳೆ 30 ಗ್ರಾಂ, ಎರಡು ಲೀಟರಿನ ಕುಕ್ಕರ್. ಬೇಸಿಗೆಯಲ್ಲಿ ಮಿಕ್ಕ ಅನ್ನವನ್ನು ಒಂದೆರಡು ತಾಸಿನೊಳಗೆ ಫ್ರಿಜ್ಜಿಗಿಡಿ. ಹೊರಗೇ ಬಿಟ್ಟ ಅನ್ನದಲ್ಲಿ ಹುಟ್ಟುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಜ್ವರಕ್ಕೆ ಮನೆಯಲ್ಲಿ ಥರ್ಮಾಮೀಟರ್, ಪ್ಯಾರಾಸಿಟಮಾಲ್, ನಾಲ್ಕು ಓಆರ್‌ಎಸ್ ಪೊಟ್ಟಣ ಇರಲಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಅದಕ್ಕಿಂತ ಹೆಚ್ಚಾದರೆ ಅಪಾಯ. ಜ್ವರ ಬಂದ ಮೊದಲ ಸಂಜೆಯೇ ಪಕ್ಕದ ಮನೆಯ ಅಕ್ಕನಿಗೋ ಗೆಳತಿಗೋ ತಿಳಿಸಿ, ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಲು ಹೇಳಿ, ಒಂದು ಕೀಲಿಕೈ ಅವರ ಹತ್ತಿರ ಇರಲಿ. ಜ್ವರ ಎರಡು ದಿನ ಇಳಿಯದಿದ್ದರೆ ರಕ್ತ ಪರೀಕ್ಷೆ ಮಾಡಿಸಿ. ಡೆಂಗ್ಯೂ ಅನುಮಾನ ಇರುವಾಗ ಮೈಕೈ ನೋವಿಗೆಂದು ಐಬುಪ್ರೊಫೆನ್, ಆಸ್ಪಿರಿನ್ ತಗೊಳ್ಳಬೇಡಿ, ರಕ್ತಸ್ರಾವದ ಅಪಾಯವಿದೆ. ಹೊಟ್ಟೆ ತೀರಾ ನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಎದ್ದರೆ ಕಣ್ಣು ಕತ್ತಲೆ ಕಟ್ಟುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಬಾಗಿಲಿನ ಚಿಲಕ ತೆಗೆದಿಟ್ಟು 108ಕ್ಕೆ ಫೋನ್ ಮಾಡಿ.